ಖಾರಿಜ ಕಲಿಯಾಕ ಹೊಂಟ ಗೌಡ್ರ ಮಗ

ನಿಜಾಮರ ಕಾಲದಾಗ, ಮಕ್ಕಳನ್ನ ದೊಡ್ಡ ವಿದ್ಯಾಕ್ಕ ಎಲ್ಲಿಗೆ ಕಳಿಸಬೇಕು ಅನ್ನೋ ಮಾತು ಈ ಕಲಬುರ್ಗಿಯೊಳಗ ನನ್ನ ಟಾಂಗಾದಾಗೇ ಇತ್ಯರ್ಥ ಆಗ್ತಿತ್ತು. ಸುಳ್ಳಂತೀರೇನು? ಟಾಂಗಾದಾಗ ಕುಂತವರೆಲ್ಲ ಹೋಗ್ಯಾರ, ಕುದುರಿನೂ ಹೋಗ್ಯದ. ಯಾರನ್ನ ಕೇಳ್ತೀರಿ, ಕೇಳ್ರಿ. ನನಗ ಅಕ್ಷರ ಬರಂಗಿಲ್ಲ. ನಾ ಹೇಳ್ತೀನಿ, ನಮ್ಮ ಓಣಿಗೆ ಹೊಸದಾಗಿ ಬಂದ ಮಾಸ್ತರು ಬರಕೋತಾರ. ಸೋವಿನೋ ತುಟ್ಟಿನೋ, ಹತ್ರನೋ ದೂರನೋ ಅಂತ ತೂಗಾಕ ಕುಂತ ಮನಿಯೊಳಗ ಇಂಥವು ನಡದೇ ನಡೀತಾವ.

ಖಾರಿಜ

ಕಮಲಾಪುರದ ಗೌಡ್ರಿಗೆ ಒಬ್ಬನೇ ಮಗ. ಕಲಬುರ್ಗ್ಯಾಗ ಸಾಲಿ ಮುಗಿಸಿ, ಸ್ಟೇಶನ್ ಬಜಾರದಾಗ ಅಪ್ಪನ ಜೋಡಿ ನನ್ನ ಟಾಂಗಾ ಹತ್ತಿದವನೇ, "ಯಪ್ಪಾ, ನಾ ಉಮೂರ್-ಎ-ಖಾರಿಜಾ ಕಲೀತೀನಿ" ಅಂದ. ಅಂದ್ರ ಒಂದು ರಾಜ್ಯ ಇನ್ನೊಂದು ರಾಜ್ಯದ ಜೋಡಿ ಹೆಂಗ ನಡಕೋಬೇಕು ಅನ್ನೋದು, ರಾಯಭಾರಿಗಳ ವಿದ್ಯಾ.

ಗೌಡ್ರಿಗೆ ಗೊತ್ತಿದ್ದ ಉರ್ದು ಕಚೇರಿ ಉರ್ದು. ಅವ್ರು ಹೊಲದ ದಾವಾ ಹಾಕಿದಾಗೆಲ್ಲ ಸಾಹೇಬ್ರು 'ಖಾರಿಜ್', ಅಂದ್ರ ವಜಾ, ಅಂತ ಒಗದು ಮನಿಗೆ ಕಳಿಸಿದ್ರು.

"ಖಾರಿಜ ಆಗೋದು ನಾ ಈ ಊರಾಗೇ ಕಲ್ತೀನಲೇ! ಅದಕ್ಕ ನೀ ಬ್ಯಾರೆ ಊರಿಗೆ ಹೋಗಬೇಕೇನು?"

ನಾನು ಹಿಂದಕ್ಕ ತಿರುಗಿ, ಇದು ಬ್ಯಾರೆ ಖಾರಿಜ ಅಂತ ತಿಳಿಸಿ ಹೇಳಿದೆ. ಗೌಡ್ರು ಒಪ್ಪಿದ್ರು, ಆದ್ರ ಸೋವಿ ಜಾಗ ಸಿಗಬೇಕು. ಇಲ್ಲಂದ್ರ ಓದು ಬಂದ್, ಮಗ ಕೆಂಪು ಬಾಳಿ ತ್ವಾಟ ಹಿಡೀಬೇಕು. ಹುಡುಗನ ಮಾರಿ ಸಣ್ಣದಾತು. ಗೌಡ್ರಿಗೆ ಮಗನ ಮಾರಿ ಸಣ್ಣದಾದ್ರ ನಡೀತಿತ್ತು, ರೊಕ್ಕದ ಗಂಟು ಸಣ್ಣದಾಗಬಾರದು.

ಬೇವಿನ ಗಿಡ

ಇಲ್ಲೇ ಕಲಬುರ್ಗಿಯ ಗಾಜಿಪುರ ಓಣ್ಯಾಗ ಒಬ್ಬ ಮುದುಕ ಮುನ್ಶಿ ಇದ್ದ. ಎಂದೋ ಯಾವನೋ ನವಾಬನ ಹತ್ರ ರಾಯಭಾರದ ಕಾಗದ ಬರದವ. ಅವನ ಫೀ ಅಂದ್ರ ತಿಂಗಳಿಗೊಂದು ಗೊನಿ ಬಾಳಿಹಣ್ಣು. ಇರಾಕ ಕೋಣೆ ಪುಕ್ಕಟೆ, ಕೆಳಗ ಆಡು ಕಟ್ಟತಿದ್ದ. ಗೌಡ್ರು ಅಲ್ಲೇ ಮುಗಿಸಾಕ ತಯಾರು. ಅಷ್ಟರಾಗ ಗ್ವಾಡಿ ಆಚೆಯಿಂದ ಒಂದು ಬುಟ್ಟಿ ಬೇವಿನೆಲಿ ಬಂದು ಮುನ್ಶಿ ತಲಿ ಮ್ಯಾಲೆ ಬಿತ್ತು. ಮುನ್ಶಿಯ ಗಿಡದ ಎಲಿ ಪಕ್ಕದ ಮನಿ ಅಂಗಳಕ್ಕ ಬೀಳ್ತಾವಂತ. ಆ ಮನಿಯವ ಗುಡಿಸಿ ವಾಪಸ್ ಒಗೀತಾನಂತ.

"ಪಕ್ಕದ ಮನಿಯವನ ಜೋಡಿ ಮಾತಿಲ್ಲ. ನೀವು ಪರದೇಶದವರ ಜೋಡಿ ಮಾತಾಡೋದು ಕಲಿಸ್ತೀರೇನ್ರಿ?" ಅಂದ್ರು ಗೌಡ್ರು.

ಮುನ್ಶಿ ಗಡ್ಡದಾಗಿನ ಎಲಿ ತಕ್ಕೋತ, "ಬಾತ್ ಬಂದ್ ಇರೋದೂ ಒಂದು ಸಂಬಂಧಾನೇ, ಗೌಡಸಾಬ್. ಮೊದಲನೇ ಪಾಠಾನೇ ಅದು" ಅಂದ.

"ಹಂಗಾದ್ರ ನಮ್ಮ ದಾಯಾದಿಗಳೆಲ್ಲ ಪಂಡಿತರಾಗ್ಯಾರ ಬಿಡ್ರಿ!"

ಕಿಟಕಿ

ಹುಡುಗ ಹಟ ಹಿಡದ, ದೊಡ್ಡ ಕಾಲೇಜು ಇರೋ ಹೈದರಾಬಾದ್ ಒಂದ್ಸಲ ನೋಡೇ ನೋಡೋಣು ಅಂತ. ನನ್ನನ್ನ ಬಿಟ್ಟು ಗೌಡ್ರು ಹೆಜ್ಜಿ ಇಡ್ತಿರಲಿಲ್ಲ. ಮೂವರೂ ರೈಲು ಹತ್ತಿದಿವಿ. ಅಲ್ಲಿ ಎಲ್ಲಾ ಚಂದ, ಎಲ್ಲಾ ತುಟ್ಟಿ. ಕೋಣೆ ತೋರಿಸಿದವ ಕಿಟಕಿ ತಗದು, "ನೋಡ್ರಿ, ಇಲ್ಲಿಂದ ಗೋರಾ ಸಾಹೇಬರ ಕೋಠಿ ಕಾಣ್ತದ. ದೇಶದೇಶದವರು ಬಂದು ಹೋಗೋದು ಕುಂತಲ್ಲೇ ಕಾಣ್ತದ. ಅದಕ್ಕೇ ಬಾಡಿಗಿ ಜಾಸ್ತಿ" ಅಂದ.

"ಕಲಿಯೋದೇ ಅದನ್ನ, ಯಪ್ಪಾ" ಅಂದ ಮಗ.

ಗೌಡ್ರು ಕಿಟಕಿ ನೋಡಿದ್ರು, ಕೋಠಿ ನೋಡಿದ್ರು, ಆಮ್ಯಾಲೆ ಕೇಳಿದ್ರು: "ಕಿಟಕಿ ಮುಚ್ಚಿಟ್ರ ಎಷ್ಟು ಕಡಿಮಿ ಮಾಡ್ತೀರಿ?"

ಕಾಕಾನ ಹಲ್ಲು

ವಾಪಸ್ ಬರೋ ರೈಲಿನಾಗ ಗೌಡ್ರು ಹೇಳೇಬಿಟ್ರು: "ಮುನ್ಶಿನೇ ಸೈ. ಗಾಜಿಪುರ ಹತ್ರ, ಸೋವಿ." ಹುಡುಗನ ಕಣ್ಣಾಗ ನೀರು. ನಾ ಅವನ ಕಿವ್ಯಾಗ ಒಂದು ಮಾತು ಊದಿದೆ.

ಅಂವ ಕಣ್ಣೊರಸಿಕೊಂಡು ಅಂದ, "ಆತು ಯಪ್ಪಾ. ಕಮಲಾಪುರದಿಂದ ಬರೋ ನಮ್ಮ ಮಂದಿಗೆಲ್ಲ ನನ್ನ ಕೋಣೆ ಅನುಕೂಲ ಆತು."

ಗೌಡ್ರು ಅಡಿಕಿ ಅಗಿಯೋದು ನಿಲ್ಲಿಸಿದ್ರು. "ಯಾವ ಮಂದಿ?"

"ಮಾವ ದಾವಾಕ್ಕ ಬರ್ತಾನ. ಅತ್ತಿ ಸೀರಿ ತರಾಕ ಬಂದ್ರ ಮಕ್ಕಳನ್ನೆಲ್ಲ ಕಟಗೊಂಡು ಬರ್ತಾಳ. ಕಾಕಾ ಹಲ್ಲು ತೋರಸಾಕ ಬರ್ತಾನ. ಬಂದವರಿಗೆ ಉಣ್ಣಾಕ ಇಕ್ಕದಿದ್ರ ಗೌಡ್ರ ಮಾನ ಏನಾಗಬೇಕು?"

"ನಿಮ್ಮ ಕಾಕಾಗ ಎಷ್ಟು ಹಲ್ಲು ನೋಯ್ತಾವೋ?"

"ಎಲ್ಲಾ ಅವ, ಎಲ್ಲಾ ನೋಯ್ತಾವ. ಒಂದೊಂದಕ್ಕೂ ಬ್ಯಾರೆ ಬ್ಯಾರೆ ಬರ್ತಾನ."

"ಹೈದರಾಬಾದಿಗೂ ಬರ್ತಾನೇನು?"

"ಅಷ್ಟು ದೂರ ಟಿಕೀಟು ತಗಸಿ ಬರ್ತಾನೇನು? ಅಂವ ನಿನ್ನ ತಮ್ಮ, ಯಪ್ಪಾ."

ಅಷ್ಟರಾಗ ವಾಡಿ ಸ್ಟೇಶನ್ ಬಂತು. ಗೌಡ್ರು ಮಗನ ಗಂಟು ಎತ್ತಿ ಪ್ಲಾಟಫಾರ್ಮಿಗೆ ಒಗದು, "ಇಲ್ಲೇ ಇಳಿ! ತಿರುಗಿ ಹೈದರಾಬಾದ್ ಗಾಡಿ ಹತ್ತು!" ಅಂದ್ರು.

ಅಲ್ಲಿ ಕಲ್ತು ಹುಡುಗ ವಿಲಾಯತಿಗೆ ಹೋದ. ಅಲ್ಲೊಬ್ಬ ಲಾಟ್ ಸಾಹೇಬನ ಮುಂದ ಕುಂತು ಎರಡು ದೇಶದ ಜಗಳ ಬಿಡಿಸಿದ. ಬಿಡಿಸಿದ್ದು ಹೆಂಗ? ಇಬ್ಬರಿಗೂ ನಮ್ಮ ಕಮಲಾಪುರದ ಬಾಳಿಹಣ್ಣು ಕೊಟ್ಟು. ಲಾಟ್ ಸಾಹೇಬ ಸಿಪ್ಪಿ ಸಮೇತ ತಿಂದ!

ಮಾಸ್ತರು ಬರಿಯೋದು ನಿಲ್ಲಿಸಿದ್ರು.

"ಅಜ್ಜಾರ, ನಂದು ಕಮಲಾಪುರ. ಆ ಗೌಡ್ರ ಮಗ ನಮ್ಮವ್ವನ ಅಪ್ಪ. ಸಾಯೋತನಕ ಬಾಳಿ ತ್ವಾಟ ಮಾಡಿದ. ಕಲಬುರ್ಗಿ ದಾಟಿ ಎಲ್ಲಿಗೂ ಹೋದವನಲ್ಲ."

ನಾ ಹೆಗಲ ಮ್ಯಾಲಿನ ವಲ್ಲಿ ಝಾಡಿಸಿ ಎದ್ದೆ.

"ಮನ್ಯಾಗೂ ಬಾಯಿ ಬಿಟ್ಟಿಲ್ಲೇನು? ಭಲೇ! ರಾಯಭಾರಿ ಅಂದ್ರ ಹಂಗಿರಬೇಕು ನೋಡ್ರಿ."