ಮೂರು ಭಾಷೆಯ ಟಪಾಲು

ಓದು ಕಡಿಮೆಯಾದರೆ ಒಂದು ಅನುಕೂಲ ಉಂಟು. ಗೊತ್ತಿಲ್ಲದ್ದನ್ನು ಧೈರ್ಯವಾಗಿ ಹೇಳಬಹುದು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ತಂಗಿ ಸವಿತಾ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ, "ಅಕ್ಕಾ, ಪೋಸ್ಟ್‌ಡಾಕ್ ಸಿಕ್ತು, ಟೊಪಾಲಜಿ ಮ್ಯಾಲ" ಎಂದು ಫೋನ್ ಮಾಡಿದಳು. ಪೋಸ್ಟ್ ಎಂದರೆ ಟಪಾಲು. ನಮ್ಮ ಹುಮನಾಬಾದಿನ ಉರ್ದು ಮಂದಿ ಡಾಕ್ ಎನ್ನುವುದೂ ಟಪಾಲೇ. ಟೊಪಾಲಜಿಯಂತೂ ನನ್ನ ಕಿವಿಗೆ ಟಪಾಲ್ ಎಂದೇ ಬಿತ್ತು. ಮೂರು ಭಾಷೆಯಲ್ಲಿ ಟಪಾಲಾದ ಮೇಲೆ ನೌಕರಿ ಎಷ್ಟು ಗಟ್ಟಿಯಿರಬೇಡ! ಓಣಿಗೆಲ್ಲ ಪೇಢೆ ಹಂಚಿದೆ.

ಅದು ಎರಡು ವರ್ಷದ ಸಂಶೋಧನೆ ಎಂದು ಆಮೇಲೆ ತಿಳಿಯಿತು. ತಿಂದ ಪೇಢೆ ವಾಪಸ್ ಕೇಳುವುದು ಹೇಗೆ? ಸುಮ್ಮನಾದರೂ ಇರಬೇಕಿತ್ತು. ಬಸವಕಲ್ಯಾಣದ ಲೆಕ್ಚರರ್ ಹುಡುಗನ ಸಂಬಂಧ ಬಂದಾಗ ಅವನ ತಂದೆಗೂ "ಟಪಾಲ್ ನೌಕರೀರಿ, ಪರ್ಮನೆಂಟ್" ಎಂದುಬಿಟ್ಟೆ. ಫೋನಿನಲ್ಲಿ ಮಾತಾಡಿಯೇ ತಂಗಿ ಹುಡುಗನನ್ನು ಮೆಚ್ಚಿದ್ದಳು. ಈಗ ಸಂಬಂಧ ಮುರಿದರೆ ಪಾಪ ನನ್ನದೇ.

ಹೆಣ್ಣು ನೋಡಲು ಬಂದ ದಿನ, ಮೋರಖಂಡಿಯಲ್ಲಿ ಹೊಲ ಮಾಡುವ ಆ ತಂದೆ ಚೂಡಾ ಮೆಲ್ಲುತ್ತ, "ಯಾವ ಟಪಾಲ್ ಆಫೀಸ್‌ನ್ಯಾಗ ಇದ್ದೀಯವ್ವ?" ಎಂದರು. ತಂಗಿ ನನ್ನ ಕಡೆ ನೋಡಿದಳು. ನಾನು ಚಹಾದ ಕಪ್ಪಿನಲ್ಲಿ ಮುಖ ಹುದುಗಿಸಿದೆ. "ಟಪಾಲ್ ಅಲ್ರಿ ಕಾಕಾ. ಅಯಸ್ಕಾಂತದೊಳಗ ಸಣ್ಣ ಸಣ್ಣ ಸುಳಿ ಇರ್ತಾವ. ಅವು ಹ್ಯಾಂಗ ಏಳ್ತಾವ ಅಂತ ಕಂಪ್ಯೂಟರ್‌ನ್ಯಾಗ ಲೆಕ್ಕ ಹಾಕ್ತೀನಿ."

"ಸುಳಿ? ಎತ್ತಿನ ಮೈಮ್ಯಾಲ ಇರ್ತದಲ್ಲ, ಹಂಗೇನು?"

"ಹಂಗೇರಿ. ಎಷ್ಟು ತಿಕ್ಕಿದ್ರೂ ಎತ್ತಿನ ಸುಳಿ ಹೋಗ್ತದೇನ್ರಿ? ಇದೂ ಅಷ್ಟ. ಸರಿಸಬಹುದು, ಅಳಸಾಕ ಭಾಳ ತ್ರಾಸು."

ಅವರು ತೊಡೆ ತಟ್ಟಿ ನಕ್ಕರು. "ಎತ್ತು ತಗೊಳ್ಳುವಾಗ ನಾನೂ ಮೊದಲ ಸುಳೀನೇ ನೋಡಾಂವ! ನನಗ ಯಾರೂ ಪಗಾರ ಕೊಡಲಿಲ್ಲ ನೋಡು."

"ನನಗೂ ಎರಡೇ ವರ್ಷ ಕೊಡ್ತಾರ್ರಿ. ಪರ್ಮನೆಂಟ್ ಅಲ್ಲ."

ನಾನು ಎದ್ದು ನಿಂತೆ. "ಸುಳ್ಳು ನಂದ್ರಿ, ಆಕೀದಲ್ಲ. ಬೈಯೂದಿದ್ರ ನನಗ ಬೈರಿ."

ಅವರು ಬೈಯಲಿಲ್ಲ. ಟೋಪಿ ತೆಗೆದು ತಲೆ ಕೆರೆದರು. "ನಮ್ಮಾಂವ ಗೆಸ್ಟ್ ಲೆಕ್ಚರರ್ ಅದಾನವ್ವ. ನಾ ಆ ಗೆಸ್ಟ್ ಒಂದು ನುಂಗಿದ್ದೆ."

ಹುಡುಗನೂ ತಂಗಿಯೂ ಒಟ್ಟಿಗೆ ನಕ್ಕರು. ಒಬ್ಬರ ನೌಕರಿ ಎಂಥದ್ದೆಂದು ಇನ್ನೊಬ್ಬರಿಗೆ ಮೊದಲೇ ಗೊತ್ತಿತ್ತಂತೆ. ಮಾತು ಪಕ್ಕಾ ಆಯಿತು, ಸಕ್ಕರೆ ಹಂಚಿದರು. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ತಂಗಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ: "ಅಲ್ಲೇ, ಲಗ್ನದ ಮಾತಿನಾಗ ಹಿಂಗ ಸುಳ್ಳು ಹೇಳೋ ಮಂದೀನ ನಂಬೂದು ಹ್ಯಾಂಗ?"

ಅವಳು ಗೋಡೆ ಹಿಡಿದುಕೊಂಡು ನಗುತ್ತಿದ್ದಳು. ಯಾಕೆಂದು ತಿಳಿಯಲು ನನಗೆ ತುಸು ಹೊತ್ತೇ ಬೇಕಾಯಿತು.