ಕೆಂಪು ಕಾರಿಗೆ ಗಾಳಿಕಿಂಡಿ

ಕತ್ತರಿಯಿಂದ ಆಗದ ಕೆಲಸ ಈ ಭೂಮಂಡಲದಲ್ಲೇ ಇಲ್ಲ ಎಂಬುದು ನಮ್ಮ ಟೈಲರ್ ಮಾಸ್ಟರ್ ಅವರ ಅಚಲ ನಂಬಿಕೆ. ಕೋಟು, ಪ್ಯಾಂಟು, ಪರದೆ, ಸೋಫಾದ ಗವಸು ಎಲ್ಲವನ್ನೂ ಗೆದ್ದಾಗಿತ್ತು. ಗೆಲ್ಲಲು ಉಳಿದಿದ್ದುದು ಮನೆಯ ಮುಂದೆ ನಿಂತಿದ್ದ ಹೆಂಡತಿಯ ಕೆಂಪು ಸ್ಪೋರ್ಟ್ಸ್ ಕಾರು ಮಾತ್ರ!

ಹೆಂಡತಿ ಡ್ರೈವಿಂಗ್ ಸ್ಕೂಲಿನ ಮೇಡಂ. ವಾರವೆಲ್ಲ ಕಲಿಯುವವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು, ಆಮೆಯ ವೇಗದಲ್ಲಿ ಊರು ಸುತ್ತುತ್ತಾರೆ. ಆ ಸಂಕಟ ತೀರಿಸಿಕೊಳ್ಳಲೆಂದೇ ಈ ಹಳೆಯ ಎರಡು ಸೀಟಿನ ಕಾರನ್ನು ಮಗುವಿನಂತೆ ಸಾಕಿಕೊಂಡಿದ್ದಾರೆ. ಊರಾಚೆಯ ಟ್ರ್ಯಾಕಿನಲ್ಲಿ ಕಾರ್ ಕ್ಲಬ್ಬಿನವರು ರೇಸ್ ಇಟ್ಟಾಗಲೆಲ್ಲ ಹೋಗುತ್ತಾರೆ, ಗೆಲ್ಲುವಂತೆ ಹೊರಟು ಸೋತು ಬರುತ್ತಾರೆ.

“ಆ ದೊಡ್ಡ ತಿರುವಲ್ಲಿ ಕಾರಿನ ಮೂತಿ ಹಗುರಾಗ್ಬಿಡತ್ತೆ,” ಎಂದು ಮೇಡಂ ಊಟದ ಮೇಜಿನ ಮುಂದೆ ದುಃಖ ತೋಡಿಕೊಂಡರು. “ಮುಂದಿನ ಚಕ್ರದ ಮೇಲೆ ಫೆಂಡರ್ ಇದೆಯಲ್ಲ, ಅದರೊಳಗೆ ಗಾಳಿ ತುಂಬ್ಕೊಂಡು ಕಾರನ್ನ ಎತ್ತತ್ತೆ. ನಾನು ಹೆದರಿ ಆಕ್ಸಿಲರೇಟರಿಂದ ಕಾಲು ತೆಗೀತೀನಿ. ಸೋಲೋದು ಅಲ್ಲೇ. ಫೆಂಡರಿಗೆ ಗಾಳಿಕಿಂಡಿ ಇಡಿಸ್ಬೇಕು. ಕ್ಲಬ್ಬಿನ ಮೆಕ್ಯಾನಿಕ್ಕಿಗೆ ಪುರುಸೊತ್ತೇ ಇಲ್ವಂತೆ.”

“ಮೆಕ್ಯಾನಿಕ್ ಯಾಕೆ? ನಾನಿಲ್ವಾ?” ಎಂದರು ಮಾಸ್ಟರ್.

“ನೀವಾ?”

“ಫೆಂಡರ್ ಅಂದ್ರೆ ಏನು, ಕಾರಿನ ಭುಜ. ಭುಜಕ್ಕೆ ಕತ್ತರಿ ಹಾಕೋದನ್ನ ನನಗೆ ಯಾರೂ ಹೇಳ್ಕೊಡೋದು ಬೇಡ. ಭಾನುವಾರದ ರೇಸಿಗೆ ಕಿಂಡಿ ಸಿದ್ಧ ಇರತ್ತೆ.”

ಮೇಜಿನ ತುದಿಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತೆ, ಅಂದರೆ ಮೇಡಂ ಅವರ ತಾಯಿ, ತಲೆ ಎತ್ತದೆ ಹೇಳಿದರು: “ನನ್ನ ಕೋಟಿಗೆ ಜೇಬು ಇಡ್ತೀನಿ ಅಂದು ಚಳಿಗಾಲವೇ ಮುಗಿದುಹೋಯ್ತು.”

ಮಾಸ್ಟರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಮನಸ್ಸೆಲ್ಲ ಟ್ರ್ಯಾಕಿನಲ್ಲಿತ್ತು. ಅಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಮಾತಾಡಿಸಿದ್ದಿಲ್ಲ. “ಓ, ಮೇಡಂ ಅವರ ಮನೆಯವರಾ? ಈ ಚೀಲ ಸ್ವಲ್ಪ ಹಿಡ್ಕೊಳ್ಳಿ” ಎನ್ನುವುದಷ್ಟೇ ಕ್ಲಬ್ಬಿನವರಿಗೂ ಅವರಿಗೂ ಇದ್ದ ಸಂಬಂಧ. ಚೀಲ ಹಿಡಿದು ಹಿಡಿದು ಮಾಸ್ಟರಿಗೆ ಬೇಸರ ಬಂದಿತ್ತು. ಒಂದೇ ಒಂದು ಸಲ ಆ ಜನ ತಮ್ಮ ಕೆಲಸ ನೋಡಿ ಬೆರಗಾಗಬೇಕು, ಹೆಂಡತಿ ಅದನ್ನು ನೋಡಬೇಕು ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು.

ವಿನ್ಯಾಸದ ಮಹಾಯಜ್ಞ ಅಂದೇ ಆರಂಭವಾಯಿತು! ಕಂದು ಕಾಗದದಲ್ಲಿ ನಮೂನೆ ಕತ್ತರಿಸಿದರು. ತೆಳು ಅಲ್ಯೂಮಿನಿಯಂ ತಗಡನ್ನು ಇಸ್ತ್ರಿ ಮೇಜಿನ ಅಂಚಿಗೆ ಒತ್ತಿ ಬಗ್ಗಿಸಿದರು. ನಾಲ್ಕು ಬೆರಳು ಅಗಲದ ಚೌಕಟ್ಟು, ಅದರೊಳಗೆ ಹಿಂದಕ್ಕೆ ಓರೆಯಾದ ಪಟ್ಟಿಗಳು, ಒಂದೊಂದೂ ಇಸ್ತ್ರಿ ಮಾಡಿಟ್ಟ ನೆರಿಗೆಯಂತೆ ನೇರ. ಎರಡೂ ಕಿಂಡಿಗಳನ್ನು ಗೋಡೆಗೆ ಒರಗಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ತಮ್ಮ ಕೈಚಳಕಕ್ಕೆ ತಾವೇ ತಲೆದೂಗಿದರು.

ಶನಿವಾರ ಮೇಡಂ ಪಾಠಕ್ಕೆ ಹೋದದ್ದೇ ತಡ, ಮಾಸ್ಟರ್ ಕಾರಿನ ಬಳಿ ಬಂದರು. ಅತ್ತೆ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತರು. ಮಾಸ್ಟರ್ ಎರಡೂ ಫೆಂಡರುಗಳ ಮೇಲೆ ಕಾಗದದ ನಮೂನೆ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕಟಿಂಗ್ ಮಿಷಿನ್ನು ಕೈಗೆತ್ತಿಕೊಂಡರು. ತೋಳು ಎರಡನ್ನೂ ಒಟ್ಟಿಗೇ ಕತ್ತರಿಸಿಬಿಡುವುದು ಟೈಲರನ ಧರ್ಮ, ಇಲ್ಲದಿದ್ದರೆ ಒಂದು ಹೆಚ್ಚು ಒಂದು ಕಮ್ಮಿ ಆಗುತ್ತದೆ. ಆದ್ದರಿಂದ ಎಡಗಡೆಯದನ್ನು ಕತ್ತರಿಸಿ, ತಡಮಾಡದೆ ಬಲಗಡೆಯದನ್ನೂ ಕತ್ತರಿಸಿ, ಆಮೇಲೆಯೇ ಬೆನ್ನು ನೆಟ್ಟಗೆ ಮಾಡಿಕೊಂಡರು.

“ಈಗ ನೋಡಿ ಅತ್ತೆ, ಎಳೆ ಕೂಡ ಆಚೀಚೆ ಆಗದ ಹಾಗೆ ಕೂತ್ಕೊಳ್ಳತ್ತೆ,” ಎಂದು ಕಿಂಡಿಯನ್ನು ತೂತಿನ ಮೇಲಿಟ್ಟರು.

ಅದು ಕೂರಲಿಲ್ಲ. ಸಲೀಸಾಗಿ ತೂತಿನೊಳಗೆ ಇಳಿದು, ಟೈರಿನ ಮೇಲೆ ಠಣ್ ಎಂದು ಬಿದ್ದು, ಕಾರಿನಡಿಗೆ ಉರುಳಿಹೋಯಿತು. ಬಲಗಡೆಯದೂ ಅಷ್ಟೇ ವಿಧೇಯವಾಗಿ ಅದನ್ನು ಹಿಂಬಾಲಿಸಿತು.

ಮಾಸ್ಟರ್ ಕತ್ತರಿಸಿದ ತುಂಡನ್ನು ಎತ್ತಿ ನೋಡಿದರು. ಸೀಮೆಸುಣ್ಣದ ಗೆರೆ ತುಂಡಿನ ಒಳಗೇ ಇತ್ತು! ಕತ್ತರಿ ಹಿಡಿದಂದಿನಿಂದ ಬಟ್ಟೆಯ ಗೆರೆಯ ಆಚೆಗೆ, ಹೊಲಿಗೆಗೆಂದು ಸುತ್ತ ಒಂದು ಬೆರಳು ಬಿಟ್ಟು ಕತ್ತರಿಸಿ ಪಳಗಿದ ಕೈ ಅದು. ಯಾರ ಅಪ್ಪಣೆಯನ್ನೂ ಕೇಳದೆ ಫೆಂಡರಿಗೂ ಹೊಲಿಗೆ ಬಿಟ್ಟಿತ್ತು. ಬಟ್ಟೆಯಲ್ಲಿ ಹಾಗೆ ಬಿಟ್ಟರೆ ಬಟ್ಟೆ ದೊಡ್ಡದಾಗುತ್ತದೆ, ತೂತಿಗೆ ಬಿಟ್ಟರೆ ತೂತು ದೊಡ್ಡದಾಗುತ್ತದೆ.

“ಒಳಗೆ ಮಡಚಿ ಒಂದು ಹೊಲಿಗೆ ಹಾಕ್ಬಾರದಾ?” ಎಂದರು ಅತ್ತೆ.

“ಅತ್ತೆ, ಅದು ತಗಡು.”

“ನಿನಗೆ ಈಗ ಗೊತ್ತಾಯ್ತಾ?”

ಮಾಸ್ಟರ್ ಮೆಟ್ಟಿಲ ಮೇಲೆ ಕುಸಿದು ಕೂತರು. ಉಳಿದ ತಗಡಿಲ್ಲ, ತಗಡಿನ ಅಂಗಡಿಗೆ ಶನಿವಾರ ರಜೆ, ಮಗುವಿನಂಥ ಕಾರಿಗೆ ಎರಡು ಗಾಯ, ನಾಳೆಯೇ ರೇಸು. ಹೆಂಡತಿ ಬಂದು ನೋಡಿ ಬೈದರೆ ಸಹಿಸಬಹುದು, ಬೈಯದೆ ಒಳಗೆ ಹೋಗಿಬಿಟ್ಟರೆ ಏನು ಗತಿ?

ಅತ್ತೆ ನಿಧಾನವಾಗಿ ಎದ್ದು ಒಳಗೆ ಹೋದರು. ಬ್ರೆಡ್ ಬೇಯಿಸುವ ಎರಡು ಉದ್ದನೆಯ ಅಲ್ಯೂಮಿನಿಯಂ ತಟ್ಟೆಗಳೊಂದಿಗೆ ಬಂದು, ಒಂದನ್ನು ತೂತಿನ ಮೇಲಿಟ್ಟರು. ತಟ್ಟೆಯ ಸುರುಳಿ ಅಂಚು ತೂತಿನ ಸುತ್ತ ಒಡವೆಯಂತೆ ಕೂತಿತು.

“ತಗೋ. ಆದ್ರೆ ಕೋಟಿಗೆ ಎರಡು ಜೇಬು. ಇವತ್ತೇ.”

“ಒಳಜೇಬೂ ಇಟ್ಟುಕೊಡ್ತೀನಿ ಅತ್ತೆ,” ಎಂದರು ಮಾಸ್ಟರ್ ಗದ್ಗದಿತರಾಗಿ.

ಮಿಷಿನ್ನಿನ ಬಾಯಿಗೆ ಸಿಕ್ಕಿ ತಟ್ಟೆಗಳ ತಳ ಹಾರಿತು. ಹಳೆಯ ಕಿಂಡಿಗಳ ಪಟ್ಟಿಗಳನ್ನು ಕಿತ್ತು, ಸಾಲದ ಕಡೆ ಆ ತಳದ ತುಂಡನ್ನೇ ಜೋಡಿಸಿ, ಇವುಗಳಲ್ಲಿ ಕೂರಿಸಿದರು. ಅಂಚಿಗೆ ರಬ್ಬರಿನ ಪೈಪಿಂಗ್ ಕೊಟ್ಟು, ಗುಂಡಿ ಇಟ್ಟ ಹಾಗೆ ಸಮಸಮನಾಗಿ ರಿವೆಟ್ ಹೊಡೆದು, ಕಪ್ಪು ಬಣ್ಣ ಬಳಿದರು. ಸಂಜೆ ಮೇಡಂ ಬರುವ ಹೊತ್ತಿಗೆ ಅತ್ತೆ ಹೊಸ ಜೇಬುಗಳಲ್ಲಿ ಕೈಯಿಟ್ಟು ಏನೂ ಅರಿಯದವರಂತೆ ನಿಂತಿದ್ದರು.

ಮೇಡಂ ಕಾರನ್ನು ಒಂದು ಸುತ್ತು ಬಂದರು. ಬಗ್ಗಿ ಕಿಂಡಿ ನೋಡಿದರು, ಕಾರಿನಡಿ ಬಿದ್ದಿದ್ದ ಸೀಮೆಸುಣ್ಣದ ಗೆರೆಯ ತುಂಡನ್ನೂ ನೋಡಿದರು.

“ಚೆನ್ನಾಗಿದೆ. ಸ್ವಲ್ಪ ದೊಡ್ಡದಾಯ್ತೇನೋ?”

“ಬೇಕಂತಲೇ ಇಟ್ಟಿದ್ದು. ಕಂಕುಳಲ್ಲಿ ಬಿಗಿಯಾದ್ರೆ ಕೈ ಆಡಲ್ಲ. ಗಾಳಿಗೂ ಅದೇ ಸಿದ್ಧಾಂತ.”

ಮೇಡಂ ಗಂಡನನ್ನು ಒಂದು ಕ್ಷಣ ನೋಡಿ, “ಹೌದಾ” ಎಂದಷ್ಟೇ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದರು.

ಭಾನುವಾರ ಅತ್ತೆ, ಅಳಿಯ ಬಸ್ಸಿನಲ್ಲಿ ಟ್ರ್ಯಾಕಿಗೆ ಬಂದರು. ಕ್ಲಬ್ಬಿನ ಮೆಕ್ಯಾನಿಕ್ ಕಿಂಡಿಗಳನ್ನು ಎರಡು ಕೈಯಿಂದ ಅಲುಗಿಸಿ ನೋಡಿದ. “ಓಡುವಾಗ ಇದು ಕಿತ್ತು ಬಂದ್ರೆ ಕಾರು ಆಚೆಗೆ, ಆಮೇಲೆ ನನ್ನ ಕೇಳಬಾರದು,” ಎಂದು ಒಳಗೆ ಬಿಟ್ಟ.

ಕೆಂಪು ಕಾರು ಗರ್ಜಿಸುತ್ತ ಹೊರಟಿತು. ಒಬ್ಬೊಬ್ಬರಿಗೂ ಒಂದೇ ಸುತ್ತು, ಎರಡನೆಯ ಅವಕಾಶವಿಲ್ಲ. ದೊಡ್ಡ ತಿರುವು ಹತ್ತಿರ ಬಂದಾಗ ಮಾಸ್ಟರ್ ಕಣ್ಣು ಮುಚ್ಚಿಕೊಂಡರು.

“ಏನಾಯ್ತು ಅತ್ತೆ?”

“ಎಡಗಡೆ ತಟ್ಟೆ ಇದೆ.”

“ಬಲಗಡೆ?”

“ತಡಿ, ಈ ಕಡೆ ತಿರುಗಲಿ. ಹೂಂ, ಅದೂ ಇದೆ. ಅಯ್ಯೋ, ಇವಳು ಕಾಲೇ ತೆಗೀಲಿಲ್ಲ ಕಣೋ.”

ಮಾಸ್ಟರ್ ಕಣ್ಣು ಬಿಟ್ಟರು. ಅವರ ಕಿಂಡಿಗಳು ಫೆಂಡರಿನೊಳಗಿನ ಗಾಳಿಯನ್ನೆಲ್ಲ ಕುಡಿದು ಹಿಂದಕ್ಕೆ ಉಗುಳುತ್ತಿದ್ದವು. ಕಾರು ನೆಲಕ್ಕೆ ಅಂಟಿಕೊಂಡು ತಿರುವು ದಾಟಿತು. ಅಂದು ಮೇಡಂ ಅವರಿಗಿಂತ ಬೇಗ ಯಾರೂ ಸುತ್ತು ಮುಗಿಸಲಿಲ್ಲ!

ಜನ ಕಾರನ್ನು ಮುತ್ತಿದರು. ಮೇಡಂ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, “ಕಿಂಡಿ ನನ್ನ ಯಜಮಾನರು ಮಾಡಿದ್ದು,” ಎಂದರು. ಮಾಸ್ಟರಿಗೆ ಕಣ್ಣು ತುಂಬಿ ಬಂತು. ಮೆಕ್ಯಾನಿಕ್ ಗಲ್ಲ ಕೆರೆದುಕೊಂಡ.

“ಮಾಸ್ಟರೇ, ಇಷ್ಟು ಅಗಲ ಯಾವ ಲೆಕ್ಕದ ಮೇಲೆ ಇಟ್ರಿ? ಇನ್ನೂ ಚಿಕ್ಕದಿದ್ದಿದ್ರೆ ಪ್ರಯೋಜನ ಆಗ್ತಿರ್ಲಿಲ್ಲ.”

“ಅನುಭವ,” ಎಂದರು ಮಾಸ್ಟರ್. ಬಳಿಕ ಗಾಳಿಯ ಒತ್ತಡ, ಭುಜದ ಇಳಿಜಾರು, ನೆರಿಗೆಯ ಕೋನ ಎಂದು ಬಸ್ಸು ಬರುವವರೆಗೂ ಉಪನ್ಯಾಸ ಕೊಟ್ಟರು. ಅಂದು ಚೀಲ ಹಿಡಿದದ್ದು ಅತ್ತೆ.

ಮರುವಾರ ಅಂಗಡಿಯ ಮುಂದೆ ಹಳದಿ ಸ್ಪೋರ್ಟ್ಸ್ ಕಾರೊಂದು ಬಂದು ನಿಂತಿತು. ಇಳಿದವನು ಅದೇ ಮೆಕ್ಯಾನಿಕ್. ಮಾಸ್ಟರ್ ಹೊಲಿಯುತ್ತಿದ್ದ ಪ್ಯಾಂಟನ್ನು ಪಕ್ಕಕ್ಕೆ ಎಸೆದು, ಕೊರಳಿಗೆ ಟೇಪು ಹಾಕಿಕೊಂಡು, ಗಂಭೀರವಾಗಿ ಹೊರಗೆ ಬಂದರು.

“ನನಗೂ ಕಿಂಡಿ ಬೇಕು ಮಾಸ್ಟರೇ. ಅಗಲ ನಾಲ್ಕು ಬೆರಳು ಸಾಕು.”

ಮಾಸ್ಟರ್ ಮುಗುಳ್ನಕ್ಕರು. “ನಾಲ್ಕು ಸಾಲದಪ್ಪ. ನಮ್ಮ ಮನೆಯವಳ ಕಾರಿಂದು ಆರು ಬೆರಳಿದೆ. ಗೆದ್ದಿದ್ದು ಅದರಿಂದಲೇ.”

“ನನಗೂ ಆರೇ ಬೇಕು,” ಎಂದ ಮೆಕ್ಯಾನಿಕ್. “ಆದ್ರೆ ಮೇಡಂ ಹೇಳಿ ಕಳಿಸಿದ್ರು, ನಮ್ಮ ಮನೆಯವರಿಗೆ ನಾಲ್ಕು ಅಂತಲೇ ಹೇಳಿ, ಹೊಲಿಗೆಗೆ ಬಿಡೋ ಅವರ ಕೈಯೇ ಆರಕ್ಕೆ ತಂದು ನಿಲ್ಲಿಸತ್ತೆ ಅಂತ.”