ನಿಂಬೆಹಣ್ಣಿನ ಮೇಲಿನ ಆರೋಪ ತೆಗೆದು, ಕಿತ್ತಳೆ ಜಾಕೀಟು ವಾಪಸ್ ಕೊಡೋ ಬಗ್ಗೆ

ಇಂದ,
ಸಾವಿತ್ರಮ್ಮ, ಮದ್ದೂರು ತಾಲ್ಲೂಕು. ಹಾಲಿ ವಾಸ: ಮಗ ಸತ್ಯಪ್ರಕಾಶನ ಮನೆ, ಕ್ಯಾಸಲ್‌ನಾಕ್, ಡಬ್ಲಿನ್. ಐರ್ಲೆಂಡ್ ದೇಶ ಹುಟ್ಟಿದಾಗಿಂದ ರೇಸ್ ಟ್ರ್ಯಾಕಿನ ಬೇಲಿ ಪಕ್ಕ ಸೀರೆ ಉಟ್ಕೊಂಡು ನಿಂತ ಒಬ್ಬಳೇ ಹೆಂಗಸು. (ಇದ್ರಲ್ಲಿ ಅರ್ಧ ಸುಳ್ಳು. ಸೊಂಟದಿಂದ ಮೇಲೆ ಸೀರೆ, ಕೆಳಗೆ ಮೊಮ್ಮಗಳ ಟ್ರ್ಯಾಕ್ ಪ್ಯಾಂಟು.)

ಗೆ,
ವಾಕಿಟಾಕಿ ಹಿಡ್ಕೊಂಡ ದೊಡ್ಡ ಸಾಹೇಬ್ರು, ಸ್ಟಾಕ್ ಕಾರ್ ರೇಸ್ ಟ್ರ್ಯಾಕು, ವಾಟರ್‌ಫರ್ಡ್ ಆಚೆ, ದನ ಮೇಯೋ ಹೊಲ ದಾಟಿ.

ವಿಷಯ: ಕಿತ್ಕೊಂಡ ಜಾಕೀಟು ವಾಪಸ್ ಕೊಟ್ಟು, ಮುಂದಿನ ರೇಸಿಗೆ ಮೊಮ್ಮಗಳ ಬೆನ್ನ ಹಿಂದೆ ನಿಲ್ಲೋಕೆ ಬಿಡೋ ಬಗ್ಗೆ.

ಉಲ್ಲೇಖ: ಭಾನುವಾರ ಮಧ್ಯಾಹ್ನ ತಾವು ಅರ್ಜಿದಾರಳ ಮೂಗಿನ ಮುಂದೆ ಆಡ್ಸಿದ ಬೆರಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಪಟ್ಟಂತೆ ತಮ್ಮಲ್ಲಿ ಅರಿಕೆ ಏನಂದ್ರೆ, ಅರ್ಜಿದಾರಳು ಓದಿದ್ದು ಮೂರನೇ ಕ್ಲಾಸು. ಆದ್ರೂ ವಿಧವಾ ವೇತನಕ್ಕೆ ತಾಲ್ಲೂಕು ಆಫೀಸಿಗೆ ಅಲೆದೂ ಅಲೆದೂ ಅರ್ಜಿ ಬರೆಯೋದ್ರಲ್ಲಿ ಕೈ ಪಳಗೈತೆ. ತಮಗೆ ಕನ್ನಡ ಓದೋಕೆ ಬರಲ್ಲ ಅಂದ್ರೆ ಅದು ತಮ್ಮ ಕೊರತೆ, ಅರ್ಜಿದಾರಳದ್ದಲ್ಲ.

1. ಸದರಿ ಅರ್ಜಿದಾರಳ ಮೊಮ್ಮಗಳು ಸ್ಪಂದನಾ, ಇಲ್ಲೇ ಹುಟ್ಟಿದ ಹುಡುಗಿ. ಕನ್ನಡದಲ್ಲಿ ಬೈದ್ರೆ ಅರ್ಥ ಆಗುತ್ತೆ, ಉತ್ರ ಮಾತ್ರ ಇಂಗ್ಲಿಷಲ್ಲೇ. ಮನೇಲಿ ಎರಡು ಕಿವಿಗೂ ಬೆಂಡೋಲೆ ಥರ ಏನೋ ಸಿಗಿಸ್ಕೊಂಡು ಕೂತಿರ್ತಾಳೆ, ಅಜ್ಜಿ ಜೊತೆ ವಾರಕ್ಕೊಂದು ಮಾತಾಡಿದ್ರೆ ಹಬ್ಬ. ಅವಳಿಗೆ ರೇಸಿನ ಫೋಟೋ ತೆಗೆಯೋ ಹುಚ್ಚು. ತಮ್ಮ ಟ್ರ್ಯಾಕಿನ ರೂಲ್ಸ್ ಪ್ರಕಾರ, ಬೇಲಿ ಒಳಗೆ ನಿಂತು ಫೋಟೋ ತೆಗಿಯೋರ ಹಿಂದೆ ಇನ್ನೊಬ್ರು ಇರ್ಬೇಕು. ಕಣ್ಣು ಕ್ಯಾಮೆರಾದೊಳಗೆ ಹೋದ್ಮೇಲೆ ಮೈ ಮೇಲೆ ಗಾಡಿ ಬಂದ್ರೂ ಕಾಣಲ್ವಲ್ಲ, ಅದಕ್ಕೆ. ಹುಡುಗಿ ಅಪ್ಪನ್ನ ಕೇಳಿದ್ಲು. ಅವನಿಗೆ ಶನಿವಾರಾನೂ ಲೆಪರ್ಡ್ಸ್‌ಟೌನ್ ಆಫೀಸಿನ ಫೋನು. ಅಮ್ಮನ್ನ ಕೇಳಿದ್ಲು. ಅವಳಿಗೆ ಧೂಳು ಆಗಲ್ಲ. ಆದ್ದರಿಂದ ಉಳಿದವಳು ಅರ್ಜಿದಾರಳು.

2. ಬೇಲಿ ಒಳಗೆ ನಿಲ್ಲೋರಿಗೆ ತಾವು ಕೊಡೋ ಕಿತ್ತಳೆ ಜಾಕೀಟು ಹಾಕಿ, ಮೊಮ್ಮಗಳ ಬೆಲ್ಟು ಹಿಡ್ಕೊಂಡು ಅರ್ಜಿದಾರಳು ಶನಿವಾರ ಪೂರ್ತಿ ನಿಂತಳು. ಗಾಡಿ ಹತ್ರ ಬಂದ್ರೆ ಎಳೀಬೇಕು, ಅಷ್ಟೇ ಕೆಲಸ. "ಅಜ್ಜಿ, ಯೂ ಆರ್ ಗ್ರ್ಯಾಂಡ್, ಬೆಲ್ಟ್ ಬಿಡ್ಬೇಡ!" ಅಂದ್ಲು ಹುಡುಗಿ. ಬಿಡ್ಬೇಡ ಅಂತ ಕನ್ನಡದಲ್ಲೇ ಅಂದ್ಲು, ಮಾನ್ಯರೇ! ಆ ಗದ್ದಲದಲ್ಲಿ ಅರ್ಜಿದಾರಳ ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲೂ ಜಾಗ ಬದಲಾಯಿಸಿದ್ವು. ಆದ್ರೂ ಆ ಒಂದು ಮಾತು ಮಾತ್ರ ಸ್ವಚ್ಛವಾಗಿ ಕೇಳಿಸ್ತು.

3. ತಮ್ಮ ರೇಸಿನ ಬಗ್ಗೆ ಅರ್ಜಿದಾರಳ ಅಭಿಪ್ರಾಯ ತಾವು ಕೇಳಿಲ್ಲ. ಆದ್ದರಿಂದ ತಾನೇ ಹೇಳ್ತಾಳೆ. ದೀಪ ಇಲ್ಲ, ಹಾರನ್ ಇಲ್ಲ, ಗಾಜಿಲ್ಲ. ಮುಂದೆ ಹೋಗೋ ಗಾಡಿಗೆ ಬೇಕು ಬೇಕು ಅಂತ ಗುದ್ದೋದು, ಅವನು ತಿರುಗಿ ಬಂದು ಇವನಿಗೆ ಗುದ್ದೋದು. ಹೊರಟಿದ್ದಲ್ಲಿಗೇ ಸುತ್ತಿ ಸುತ್ತಿ ಬರೋಕೆ ಇಷ್ಟು ಅವಸರ! ಮದ್ದೂರು ಬಸ್ ಸ್ಟ್ಯಾಂಡಲ್ಲಿ ಇದನ್ನ ನಮ್ಮ ಡ್ರೈವರ್‌ಗಳು ದಿನಾ ಮಾಡ್ತಾರೆ, ಟಿಕೆಟ್ ಇಟ್ಟು ಯಾರಿಗೂ ತೋರಿಸಲ್ಲ. ತಾವೋ, ಇದರ ಮಧ್ಯ ನಿಂತ್ಕೊಂಡು ವಾಕಿಟಾಕಿಯಲ್ಲಿ "ಸೇಫ್ಟಿ, ಸೇಫ್ಟಿ" ಅಂತೀರಿ.

4. ಈಗ ನಿಂಬೆಹಣ್ಣಿನ ವಿಚಾರ. ಭಾನುವಾರ ಬೆಳಿಗ್ಗೆ ಗಾಡಿ ರೆಡಿ ಮಾಡೋ ಕಡೆ ಡೆಕ್ಲನ್ ಅನ್ನೋ ಹುಡುಗ ಹೊಸದಾಗಿ ಬಣ್ಣ ಬಳಿದ ಗಾಡಿ ಇಳಿಸಿದ. ರೇಸಿಗೆ ಇಳಿಯೋದೇ ಮೊದಲ ಸಲ ಅಂತೆ. ಹೊಸ ಗಾಡೀನ ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣಿಡದೆ ರೋಡಿಗೆ ಬಿಡೋದು ನಮ್ಮ ಕಡೆ ಎಮ್ಮೆ ಕಾಯೋನೂ ಮಾಡಲ್ಲ. ಚಿತ್ರಾನ್ನಕ್ಕೆ ಹಿಂಡೋಕೆ ಅಂತ ತಂದಿದ್ದ ಚೀಲ ಅರ್ಜಿದಾರಳ ಕೈಲೇ ಇತ್ತು. "ಇಡ್ಲೇನಪ್ಪಾ?" ಅಂತ ಕೈಸನ್ನೆಯಲ್ಲಿ ಕೇಳಿದ್ಲು. "ಗೋ ಆನ್, ಮಿಸೆಸ್," ಅಂದ ಹುಡುಗ, ಹೆಲ್ಮೆಟ್ ತೆಗೆದು ತಲೆ ಬಗ್ಗಿಸಿದ. ಇಟ್ಲು. ಪಚಕ್ ಅಂತ ನಾಲ್ಕೂ ಒಡೆದ್ವು. ಅಂಗಡಿಯೋರು ಮೇಣ ಮೆತ್ತಿದ್ದ ದರಿದ್ರ ಹಣ್ಣಾದ್ರೂ ಚೆನ್ನಾಗೇ ಒಡೆದ್ವು.

5. ಇಲ್ಲೊಂದು ಉಪ ಅಂಶ. ಹೋದ ತಿಂಗಳು ಅರ್ಜಿದಾರಳ ಮಗ ಹೊಸ ಕಾರು ತಂದ. ಪೂಜೆ ಹೊತ್ತಿಗೆ ಸೊಸೆ, "ಅತ್ತೆ, ನೀವು ಒಂಚೂರು ಒಳಗಿರಿ, ಮೊದ್ಲು ಪಕ್ಕದ ಮನೆ ವಿಕ್ರಮ್ ಹೆಂಡ್ತಿ ಮುಗಿಸ್ಲಿ," ಅಂದ್ಲು. ಗಂಡ ಸತ್ತೋಳ ಕೈ ಮೊದಲು ತಾಕಬಾರ್ದಂತೆ. ಅರ್ಜಿದಾರಳು ಅಡುಗೆಮನೆ ಕಿಟಕಿಯಿಂದ ಆರತಿ ನೋಡಿದ್ಲು. ಮಗನಿಗೆ ಬಾಯಿರೋದು ಆಫೀಸಿನ ಫೋನಿಗೆ ಮಾತ್ರ. ಡೆಕ್ಲನ್ ಅರ್ಜಿದಾರಳಿಗೆ ಗಂಡ ಇದಾನಾ ಇಲ್ವಾ ಅಂತ ಕೇಳ್ಲಿಲ್ಲ. ತಮ್ಮ ದೇಶದಲ್ಲಿ ಅರ್ಜಿದಾರಳಿಗೆ ಹಿಡಿಸಿದ್ದು ಅದೊಂದೇ. ಮಿಕ್ಕಿದ್ದೆಲ್ಲ ಬೇಯಿಸಿದ ಆಲೂಗಡ್ಡೆ.

6. ಅವತ್ತಿನ ಎರಡನೇ ಓಟದಲ್ಲಿ ಹಿಂದಿನೋನು ಗುದ್ದಿದ. ಡೆಕ್ಲನ್ ಗಾಡಿ ಪಲ್ಟಿ ಹೊಡ್ಕೊಂಡು ನೇರ ಬೇಲಿ ಕಡೆಗೇ ಬಂತು, ಆನೆ ಉರುಳಿ ಬಂದಂಗೆ. ಅರ್ಜಿದಾರಳು ಬೆಲ್ಟು ಹಿಡಿದು ಎಳೆದ ರಭಸಕ್ಕೆ ಇಬ್ರೂ ಟೈರ್ ಗುಡ್ಡೆ ಹಿಂದೆ ಬಿದ್ರು. ಹುಡುಗಿ ಬಿದ್ದಲ್ಲೇ ಕ್ಯಾಮೆರಾ ಒತ್ತುತ್ತಾನೇ ಇದ್ಲು. ಧೂಳು ಇಳಿದಾಗ ಗಾಡಿ ಆಕಾಶಕ್ಕೆ ಕಾಲು ಮಾಡಿತ್ತು. ಡೆಕ್ಲನ್ ಕಿಟಕಿಯಿಂದ ತೆವಳಿ ಬಂದು ಹಲ್ಲು ಕಿಸಿದ. ಮೈ ಮೇಲೆ ಒಂದು ಗೀರಿಲ್ಲ.

ಆಗ ತಾವು ಓಡಿ ಬಂದ್ರಿ. ಹುಡುಗ ಬದುಕಿದ್ದಾನಾ ಅಂತ ನೋಡಿದ್ರಿ, ಸರಿ. ಆಮೇಲೆ ಚಕ್ರದಲ್ಲಿ ಅಂಟಿದ್ದ ಒಂದು ಸಿಪ್ಪೆ ಕಂಡು, ಪೋಲೀಸ್ನೋನು ಚಾಕು ಎತ್ತಿದಂಗೆ ಎರಡು ಬೆರಳಲ್ಲಿ ಎತ್ತಿದ್ರಿ.

"ಏನಂತೆ?" ಅಂತ ಅರ್ಜಿದಾರಳು ಮೊಮ್ಮಗಳನ್ನ ಕೇಳಿದ್ಲು.

"ಗಾಡಿ ಜಾರಿದ್ದು ನಿನ್ನ ಲೆಮನ್‌ನಿಂದ ಅಂತೆ, ಅಜ್ಜಿ."

"ಗುದ್ದಿದೋನು ಯಾರು, ನಿಂಬೆಹಣ್ಣಾ? ಕೇಳು ಆ ಗುಮ್ಮನ್ನ!"

ಹುಡುಗಿ ನಗ್ತಾ ಕೇಳಿದ್ಲು. ಗುಮ್ಮ ಅನ್ನೋದನ್ನ ಮಾತ್ರ ಹೇಳ್ಲಿಲ್ಲ ಅನ್ಸುತ್ತೆ. ಆದ್ರೂ ತಾವು ಜಾಕೀಟು ಕಿತ್ಕೊಂಡ್ರಿ, ಇನ್ಮೇಲೆ ಬರೋ ಹಾಗಿಲ್ಲ ಅಂದ್ರಿ. ಮನೆಗೆ ಕರ್ಕೊಂಡು ಹೋಗೋಕೆ ಹೆಂಡ್ತಿ ಜೊತೆ ಕಾರಲ್ಲಿ ಬಂದಿದ್ದ ಮಗ ಅಷ್ಟೊಂದು ಜನರ ಮುಂದೆ, "ಅಮ್ಮ, ಮಾನ ತೆಗೆದ್ಯಲ್ಲ," ಅಂದ. ಅವನ ಮಾನ ಅಷ್ಟು ಸುಲಭಕ್ಕೆ ಹೋಗೋ ಅಂಥದ್ದಾದ್ರೆ ಇನ್ಶೂರೆನ್ಸ್ ಮಾಡಿಸ್ಲಿ.

ಸದರಿ ನಿಂಬೆಹಣ್ಣು ಗಾಡೀನ ಬೀಳಿಸ್ಲಿಲ್ಲ, ಹುಡುಗನ್ನ ಉಳಿಸ್ತು. ತಾವು ಒಪ್ಪಲ್ಲ ಅಂತ ಗೊತ್ತು. ಆದಕಾರಣ ಅದನ್ನ ಬಿಟ್ಟುಬಿಡೋಣ. ಅರ್ಜಿದಾರಳು ಇಲ್ಲದಿದ್ರೆ ಹಿಂದೆ ನಿಲ್ಲೋರಿಲ್ಲ, ಹಿಂದೆ ನಿಲ್ಲೋರಿಲ್ಲದಿದ್ರೆ ಹುಡುಗಿಗೆ ಬೇಲಿ ಒಳಗೆ ಜಾಗ ಇಲ್ಲ, ಜಾಗ ಇಲ್ಲದಿದ್ರೆ ಮತ್ತೆ ಕಿವಿಗೆ ಬೆಂಡೋಲೆ. ಆದ್ದರಿಂದ ತಾವು ದಯಮಾಡಿ ಜಾಕೀಟು ವಾಪಸ್ ಕೊಡತಕ್ಕದ್ದು. ಒಗೆದು ಕೊಟ್ರೆ ಇನ್ನೂ ಒಳ್ಳೇದು, ತಾವು ಕಂಕುಳಲ್ಲಿ ಇಟ್ಕೊಂಡಿದ್ರಿ.

ಇಂತಿ ತಮ್ಮ ವಿಶ್ವಾಸಿ (ಜಾಕೀಟು ಬಂದ ಮೇಲೆ),
ಸಾವಿತ್ರಮ್ಮ

ಲಗತ್ತುಗಳು:

ಅ) ಸ್ಪಂದನಾ ಬಿದ್ಕೊಂಡೇ ತೆಗೆದ ಫೋಟೋ. ತಲೆಕೆಳಗಾದ ಗಾಡಿ, ಹಲ್ಲು ಕಿಸಿಯೋ ಡೆಕ್ಲನ್, ಮೂಲೇಲಿ ಅರ್ಜಿದಾರಳ ಸೆರಗು. ಡೆಕ್ಲನ್ ತಾಯಿ ಇದನ್ನ ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕ್ತಾಳಂತೆ. ತಮ್ಮ ಬೆರಳು ಇದ್ರಲ್ಲಿ ಬಂದಿಲ್ಲ, ಬೇಜಾರಾಗ್ಬೇಡಿ.

ಆ) ನಿಂಬೆಹಣ್ಣಿನ ಚೀಲ, ಖಾಲಿ. ಡೆಕ್ಲನ್ ಗಾಡಿಗೆ ಹಾಕಿ ನಾಲ್ಕು ಹಣ್ಣು ಮಿಕ್ಕಿತ್ತು, ಸಾಕ್ಷಿಗೆ ಕಳಿಸೋಣ ಅಂತಿದ್ಲು ಅರ್ಜಿದಾರಳು. ಭಾನುವಾರ ಸಂಜೆ ತಮ್ಮ ಪಾರ್ಕಿಂಗಲ್ಲೇ ಮಗ ಫೋನಲ್ಲಿ ಮಾತಾಡ್ತಾ ರಿವರ್ಸ್ ತಗೊಂಡು ತಮ್ಮ ಗೇಟಿನ ಕಂಬಕ್ಕೆ ಹೊಡೆದ. ಒಂದು ತಿಂಗಳಲ್ಲಿ ಇದು ಮೂರನೇ ಸಲ. ರೇಸಿನ ಗಾಡಿಗಳೂ ಅಷ್ಟು ನಜ್ಜುಗುಜ್ಜಾಗಿರ್ಲಿಲ್ಲ. ಸೊಸೆ ಇಳಿದು ಬಂಪರ್ ನೋಡಿದ್ಲು, ಗಂಡನ್ನ ನೋಡಿದ್ಲು. ಆಮೇಲೆ ಅರ್ಜಿದಾರಳು ಕೂತಿದ್ದ ಬಾಗಿಲು ತೆಗೆದು, ಮೆಲ್ಲಗೆ, "ಅತ್ತೆ, ಆ ಚೀಲದಲ್ಲಿ ಇನ್ನೂ ಇದ್ಯಾ?" ಅಂದ್ಲು.

ಚೀಲ ಯಾಕೆ ಖಾಲಿ ಅನ್ನೋದನ್ನ ತಾವೇ ಊಹೆ ಮಾಡ್ಕೊಂಡು, ಉತ್ರಾನ ಜಾಕೀಟಿನ ಜೇಬಲ್ಲಿಟ್ಟು ಕಳಿಸತಕ್ಕದ್ದು.